ಕಾರ್ ಶೆಡ್ಡಿನಲ್ಲೊಂದು ಕೆಲಸದ ಬೆಂಚು

ಮನೆಯಲ್ಲೇ ಒಂದಿಷ್ಟು ಕೈಕೆಲಸ ಮಾಡಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಡ್ರಿಲ್ ಮಷಿನ್ ತರುತ್ತಾರೆ. ಅದರ ಬೆನ್ನಿಗೇ ಗ್ರೈಂಡರ್ ಬರುತ್ತದೆ, ಸ್ಪ್ಯಾನರ್ ಸೆಟ್ ಬರುತ್ತದೆ. ಆಮೇಲೆ ಅವೆಲ್ಲ ಕಾರ್ ಶೆಡ್ಡಿನ ಮೂಲೆಯಲ್ಲಿ, ಹಳೆ ಟಯರಿನ ಮೇಲೆ, ಖಾಲಿ ಪೇಂಟ್ ಡಬ್ಬಗಳ ನಡುವೆ ಬಿದ್ದಿರುತ್ತವೆ. ಒಂದು ಹಲಗೆ ಕೊಯ್ಯಬೇಕೆಂದರೆ ಮೆಟ್ಟಿಲ ಮೇಲಿಟ್ಟು ಕಾಲಲ್ಲಿ ಒತ್ತಿ ಹಿಡಿಯಬೇಕು. ಗೆರೆ ತಪ್ಪುತ್ತದೆ, ಸೊಂಟ ಹಿಡಿಯುತ್ತದೆ, ಎರಡು ಭಾನುವಾರ ಕಳೆಯುವುದರೊಳಗೆ ಆಸೆಯೂ ಇಳಿದುಹೋಗುತ್ತದೆ. ಉಪಕರಣಕ್ಕಿಂತ ಮೊದಲು ಬೇಕಾದದ್ದು ಅಲುಗಾಡದ ಒಂದು ಬೆಂಚು ಮತ್ತು ಸಾಮಾನು ನೆಲದಿಂದ ಮೇಲೇಳುವಂತೆ ಮಾಡುವ ನಾಲ್ಕು ಶೆಲ್ಫು. ಇವೆರಡನ್ನೂ ನಮ್ಮ ಊರುಗಳಲ್ಲಿ ಬಹಳ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ಹೇಗೆ ಎಂಬುದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ನಮ್ಮ ಬಡಗಿಗಳು ನೆಲದ ಮೇಲೆ ಕೂತೇ ಕೆಲಸ ಮಾಡುತ್ತಾರಲ್ಲ ಎಂದು ಕೇಳಬಹುದು. ನಿಜ, ಕಾಲಿನ ಹೆಬ್ಬೆರಳಲ್ಲಿ ಮರವನ್ನು ಅದುಮಿ ಹಿಡಿದು ಉಳಿ ಹೊಡೆಯುವ ಅವರ ಕೈಚಳಕಕ್ಕೆ ಸಾಟಿಯಿಲ್ಲ. ಆದರೆ ಅದು ಹತ್ತನೇ ವಯಸ್ಸಿನಿಂದ ಮೈಗೂಡಿಸಿಕೊಂಡ ವಿದ್ಯೆ. ವಾರಕ್ಕೊಮ್ಮೆ ಕೆಲಸಕ್ಕಿಳಿಯುವವರಿಗೆ ಆ ಹಿಡಿತ ಬರುವುದಿಲ್ಲ. ವಸ್ತುವನ್ನು ದವಡೆಗಳ ನಡುವೆ ಬಿಗಿದು ಹಿಡಿಯುವ ವೈಸ್ ಕೂರಿಸಿದ ಬೆಂಚು ಇದ್ದರೆ ಎರಡೂ ಕೈ ಬಿಡುವಾಗುತ್ತವೆ, ಬೆನ್ನು ನೆಟ್ಟಗಿರುತ್ತದೆ. ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲಿ ದುಡಿದ ತಲೆಮಾರಿಗೆ ಇದು ಚೆನ್ನಾಗಿ ಗೊತ್ತಿತ್ತು. 1940ರಿಂದ 1954ರ ನಡುವೆ ಈ ನಾಲ್ಕೂ ಕಾರ್ಖಾನೆಗಳು ಒಂದರ ಹಿಂದೊಂದು ಹುಟ್ಟಿದವು. ಅಲ್ಲಿ ಫಿಟ್ಟರ್, ಟರ್ನರ್ ಆಗಿದ್ದವರ ಮನೆಗಳ ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ, ಒಂದು ದಪ್ಪ ಹಲಗೆಗೆ ಬಿಗಿದ ವೈಸ್ ಇರುತ್ತಿತ್ತು. ಮಿಕ್ಸಿ, ಸೈಕಲ್, ನೀರಿನ ಮೋಟರು ಎಲ್ಲ ಅಲ್ಲೇ ರಿಪೇರಿಯಾಗುತ್ತಿದ್ದವು. ಆ ಮನೆಗಳು ಈಗ ಒಂದೊಂದಾಗಿ ಬೀಳುತ್ತಿವೆ, ಅವುಗಳ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಏಳುತ್ತಿವೆ. ಆ ಅಭ್ಯಾಸವೂ ಅವುಗಳ ಜೊತೆ ಹೋಗಬಾರದು ಎಂಬುದು ನನ್ನ ಕಳಕಳಿ.

ಜಾಗ ಎಲ್ಲಿದೆ ಎಂಬುದು ಮೊದಲ ತಕರಾರು. 30x40 ಸೈಟಿನ ಮನೆಯಲ್ಲಿ ಕಾರಿಗೆ ಬಿಡುವುದು ಹೆಚ್ಚೆಂದರೆ 10 ಅಡಿ ಅಗಲ, 18 ಅಡಿ ಉದ್ದ. ಆದರೆ ನಮ್ಮಲ್ಲಿ 4 ಮೀಟರ್ ಒಳಗಿನ ಚಿಕ್ಕ ಕಾರುಗಳಿಗೆ ತೆರಿಗೆ ಕಡಿಮೆ ಇರುವುದರಿಂದ ಮಧ್ಯಮವರ್ಗದ ಬಹುಪಾಲು ಮನೆಗಳಲ್ಲಿ ನಿಂತಿರುವುದು ಅಂಥ ಕಾರುಗಳೇ. 4 ಮೀಟರ್ ಎಂದರೆ 13 ಅಡಿಗೆ ಸ್ವಲ್ಪ ಮೇಲೆ. ಉಳಿಯುವ ಸುಮಾರು 5 ಅಡಿಯಲ್ಲಿ ಎರಡೂವರೆ ಅಡಿ ಅಗಲದ ಬೆಂಚು ಗೋಡೆಯ ಪಕ್ಕದಲ್ಲಿ ನಿಲ್ಲುತ್ತದೆ, ಮಿಕ್ಕಿದ್ದು ನೀವು ನಿಲ್ಲಲು. ಕಾರು ಹೊರಗೆ ಹೋಗಿದ್ದಾಗ ಇಡೀ ಶೆಡ್ಡು ನಿಮ್ಮದೇ.

ಖರ್ಚಿನ ವಿಷಯದಲ್ಲಿ ನಾನು ನಂಬಿರುವ ನಿಯಮ ಒಂದೇ. ಭಾರ ಮತ್ತು ಹೊಡೆತ ಬೀಳುವ ಕಡೆ ದುಡ್ಡು ಹಾಕಬೇಕು, ಬರೀ ನೋಟಕ್ಕೆ ಬೀಳುವ ಕಡೆ ಕೈ ಬಿಗಿ ಹಿಡಿಯಬೇಕು. ಬೆಂಚಿನ ಕಾಲು, ಬೋಲ್ಟು, ವೈಸ್, ವಿದ್ಯುತ್ ವೈರಿಂಗ್ ಇವು ಮೊದಲನೇ ಸಾಲಿನವು. ಲ್ಯಾಮಿನೇಟು, ಪಾಲಿಶ್, ಒಂದೇ ಬಣ್ಣದ ಡ್ರಾಯರುಗಳು ಎರಡನೇ ಸಾಲಿನವು. ಅವಿಲ್ಲದಿದ್ದರೂ ಏನೂ ಕೆಡುವುದಿಲ್ಲ. ರೆಡಿಮೇಡ್ ವರ್ಕ್‌ಬೆಂಚುಗಳಲ್ಲಿ ಅನೇಕ ಸಲ ಇದು ತಿರುವುಮುರುವಾಗಿರುತ್ತದೆ. ಮೇಲ್ಗಡೆ ಚಂದದ ಹೊದಿಕೆ, ಕೆಳಗೆ ತೆಳು ತಗಡಿನ ಕಾಲು. ಸುತ್ತಿಗೆಯ ಒಂದು ಪೆಟ್ಟಿಗೆ ಮೇಲಿಟ್ಟ ಸಾಮಾನೆಲ್ಲ ಕುಣಿಯುತ್ತದೆ.

ಹಾಗಾದರೆ ಗಟ್ಟಿ ಮರ ಅಗ್ಗಕ್ಕೆ ಎಲ್ಲಿ ಸಿಗುತ್ತದೆ? ಕೆಡವಿದ ಮನೆಗಳಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರೇ ಆಗಲಿ, ಹಳೆ ಮನೆ ಒಡೆಸುವ ಗುತ್ತಿಗೆದಾರರು ಬಾಗಿಲು, ಕಿಟಕಿ, ತೊಲೆ, ಜಂತಿಗಳನ್ನು ರಸ್ತೆಬದಿಯ ಯಾರ್ಡುಗಳಲ್ಲಿ ಪೇರಿಸಿಟ್ಟು ಮಾರುತ್ತಾರೆ. ಅಲ್ಲಿ ತೇಗದ ಕೆತ್ತನೆ ಬಾಗಿಲಿಗೆ ಬೆಲೆ ಜಾಸ್ತಿ, ಅದರ ಹತ್ತಿರ ಸುಳಿಯಬೇಡಿ. ನೀವು ಕೇಳಬೇಕಾದದ್ದು ಹೊನ್ನೆ, ಮತ್ತಿ, ಸಾಲ್ ಮರದ ಸಾದಾ ಬಾಗಿಲವಾಡ. ಐದು ಇಂಚು ಮೂರು ಇಂಚಿನ ಅಥವಾ ನಾಲ್ಕು ಇಂಚು ಎರಡೂವರೆ ಇಂಚಿನ ಆ ಮರ ದಶಕಗಳ ಕಾಲ ಒಣಗಿ, ಇನ್ನು ಡೊಂಕಾಗುವುದೆಲ್ಲ ಆಗಿ ಮುಗಿದಿರುತ್ತದೆ. ಹೊಸದಾಗಿ ಸಾಮಿಲ್ಲಿನಿಂದ ತಂದ ಹಸಿ ಮರ ಒಣಗುತ್ತ ತಿರುಚಿಕೊಳ್ಳುತ್ತದೆ. ಇದಕ್ಕೆ ಆ ಭಯವಿಲ್ಲ. ಬಾಗಿಲವಾಡದ ಎರಡು ಕಂಬಗಳು ತಲಾ 7 ಅಡಿ ಇರುತ್ತವೆ. ಒಂದೊಂದರಿಂದ 32 ಇಂಚಿನ ಎರಡೆರಡು ತುಂಡು ಕೊಯ್ದರೆ ಬೆಂಚಿನ ನಾಲ್ಕೂ ಕಾಲು ಸಿಕ್ಕಿದವು. ಕಂಬದ ಬುಡ ನೆಲದೊಳಗಿದ್ದ ಕಡೆ ಗೆದ್ದಲು ಹಿಡಿದಿರುವುದುಂಟು. ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ, ಟಣ್ ಎನ್ನುವ ಕಡೆ ಮರ ಗಟ್ಟಿ, ಡೊಬ್ ಎನ್ನುವ ಕಡೆ ಒಳಗೆ ಪೊಳ್ಳು. ಆ ತುದಿಯನ್ನು ಕೊಯ್ದು ಬಿಸಾಡಲು ನಮಗೆ ಪ್ರತಿ ಕಂಬದಲ್ಲೂ ಒಂದೂವರೆ ಅಡಿ ಹೆಚ್ಚುವರಿ ಇದೆ. ಕೊಯ್ಯುವ ಮುಂಚೆ ಹಳೆ ಸ್ಪೀಕರಿನ ಆಯಸ್ಕಾಂತವೊಂದನ್ನು ಮರದ ಮೇಲೆ ಆಡಿಸಿದರೆ, ಮುರಿದು ಒಳಗುಳಿದ ಮೊಳೆಗಳು ಎಲ್ಲಿವೆ ಎಂದು ತಿಳಿಯುತ್ತದೆ. ಗರಗಸದ ಹಲ್ಲು ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಬೆಂಚಿನ ಮೇಲ್ಮೈಗೆ ಅದೇ ಯಾರ್ಡಿನ ಫ್ಲಷ್ ಡೋರ್ ಸಾಕು. ಹೊಸ ಪ್ಲೈವುಡ್ 8x4 ಹಾಳೆ 18 ಮಿ.ಮೀ. ದಪ್ಪದ್ದು ತಂದರೂ ಬೆಂಚಿಗೆ ಅದನ್ನು ಎರಡು ಪದರ ಮಾಡಬೇಕಾಗುತ್ತದೆ. ಫ್ಲಷ್ ಡೋರು ಸಾಮಾನ್ಯವಾಗಿ 30ರಿಂದ 35 ಮಿ.ಮೀ. ದಪ್ಪವೇ ಇರುತ್ತದೆ, ಮೈ ಸಪಾಟಾಗಿರುತ್ತದೆ. ಬಚ್ಚಲುಮನೆಯ ಬಾಗಿಲು ಎರಡೂವರೆ ಅಡಿ ಅಗಲ ಇರುವುದರಿಂದ ನಮ್ಮ ಅಳತೆಗೆ ತಕ್ಕದ್ದು. ನೀರು ತಾಗಿ ಅದರ ಕೆಳಗಿನ ಅರ್ಧ ಅಡಿ ಉಬ್ಬಿರುತ್ತದೆ ಎಂಬ ಕಾರಣಕ್ಕೆ ಅದನ್ನು ಯಾರೂ ಮುಟ್ಟುವುದಿಲ್ಲ, ಬೆಲೆಯೂ ಇಳಿದಿರುತ್ತದೆ. ಆ ಅರ್ಧ ಅಡಿಯನ್ನು ಕೊಯ್ದರೂ ಆರೂವರೆ ಅಡಿ ಕೈಯಲ್ಲಿ ಉಳಿಯುತ್ತದೆ. ಒಂದು ಎಚ್ಚರಿಕೆ: ಕೆಲವು ಬಾಗಿಲುಗಳ ಅಂಚಿನಲ್ಲಿ ಮಾತ್ರ ಮರ, ನಡುವೆ ಟೊಳ್ಳು. ಮಧ್ಯದಲ್ಲಿ ಬೆರಳಲ್ಲಿ ತಟ್ಟಿ ನೋಡಿ, ಒಳಗೆ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ತುಂಬಿದ ಬಾಗಿಲನ್ನೇ ಆರಿಸಿ. ಎತ್ತಿದಾಗ ಅದರ ಭಾರವೇ ಹೇಳಿಬಿಡುತ್ತದೆ.

ಎತ್ತರದ ಲೆಕ್ಕ ನಿಮ್ಮ ಮೈಯಲ್ಲೇ ಇದೆ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಡಿ; ಮಣಿಕಟ್ಟಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಸಾಮಾನ್ಯ ಕೆಲಸದ ಬೆಂಚು ಅಷ್ಟೆತ್ತರ ಇರಲಿ. ನಮ್ಮಲ್ಲಿ ಬಹಳ ಜನಕ್ಕೆ ಅದು 32ರಿಂದ 34 ಇಂಚಿನ ಆಸುಪಾಸು ಬರುತ್ತದೆ. ಮರ ಹೆರೆಯುವವರಿಗೆ ಇದಕ್ಕಿಂತ ತುಸು ತಗ್ಗು ಬೇಕು, ಏಕೆಂದರೆ ಮೈಭಾರ ತೋಪಡದ ಮೇಲೆ ಬೀಳಬೇಕು. ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವವರಿಗೆ ತುಸು ಎತ್ತರ ಬೇಕು, ಇಲ್ಲದಿದ್ದರೆ ಕತ್ತು ಬಗ್ಗಿ ಬಗ್ಗಿ ನೋಯುತ್ತದೆ. ಎರಡನ್ನೂ ಮಾಡುವವರು ತಗ್ಗಿನ ಬೆಂಚು ಮಾಡಿಕೊಂಡು, ಸೂಕ್ಷ್ಮ ಕೆಲಸಕ್ಕೆ ಅದರ ಮೇಲೊಂದು ಚಿಕ್ಕ ಪೀಠ ಇಟ್ಟುಕೊಳ್ಳುವುದು ಸುಲಭ.

ಈಗ ಬೆಂಚು ಅಲುಗಾಡದಿರುವ ಗುಟ್ಟು. ಕಾಲು ಎಷ್ಟೇ ದಪ್ಪವಿರಲಿ, ಬರೀ ಚೌಕಗಳಿಂದಾದ ಚೌಕಟ್ಟು ಓರೆಯಾಗುತ್ತದೆ. ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಜೋಡಿಸಿ ತಳ್ಳಿನೋಡಿ, ಚೌಕ ವಾಲಿ ಮಲಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಹಾಕಿದರೆ ಎರಡು ತ್ರಿಕೋನಗಳಾಗುತ್ತವೆ, ಆಮೇಲೆ ಅದು ಜಗ್ಗುವುದಿಲ್ಲ. ಬೆಂಚಿನ ಹಿಂಬದಿಗೆ ಒಂದು ಓರೆಪಟ್ಟಿ, ಎರಡು ಪಕ್ಕಗಳಿಗೆ ಒಂದೊಂದು ಓರೆಪಟ್ಟಿ ಬೇಕೇ ಬೇಕು. ಓರೆಪಟ್ಟಿಯ ಬದಲು ಹಿಂಬದಿಗೆ 6 ಮಿ.ಮೀ. ಪ್ಲೈವುಡ್ ಹಾಳೆಯ ತುಂಡೊಂದನ್ನು ಅಂಟು ಹಾಕಿ ಸ್ಕ್ರೂ ಹೊಡೆದರೂ ಅದೇ ಕೆಲಸ ಆಗುತ್ತದೆ. ಎರಡನೆಯ ಗುಟ್ಟು ಜೋಡಣೆಯದು. ಅಡ್ಡಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಬರೀ ಬೋಲ್ಟಿನಿಂದ ತೂಗುಹಾಕಬೇಡಿ. ಕಾಲಿನ ತಲೆಯಲ್ಲಿ ಮುಕ್ಕಾಲು ಇಂಚು ಕಚ್ಚು ಕೊರೆದು ಅಡ್ಡಪಟ್ಟಿ ಅದರ ಮೇಲೆ ಕೂರುವಂತೆ ಮಾಡಿ. ಭಾರವನ್ನು ಮರ ಹೊರುತ್ತದೆ, 10 ಮಿ.ಮೀ. ಬೋಲ್ಟು ಅದನ್ನು ಅಲ್ಲಿ ಹಿಡಿದಿಡುತ್ತದಷ್ಟೇ. ಮಳೆಗಾಲ ಕಳೆದು ಮರ ಸ್ವಲ್ಪ ಕುಗ್ಗಿದಾಗ ನಟ್ಟು ಒಂದು ಸುತ್ತು ಬಿಗಿದರೆ ಮತ್ತೆ ಗಟ್ಟಿ.

ಬಡಗಿ ಕೆಲಸ ಬೇಡ ಎನ್ನುವವರಿಗೆ ಕಬ್ಬಿಣದ ದಾರಿ ಇದೆ. 40x40 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಚೌಕ ಪೈಪು 20 ಅಡಿಯದು ಎರಡು ತಂದರೆ ಆರಡಿ ಉದ್ದ, ಎರಡಡಿ ಅಗಲದ ಬೆಂಚಿನ ಚೌಕಟ್ಟು ಸರಿಯಾಗಿ ಆಗುತ್ತದೆ. ಒಂದು ಪೈಪಿನಲ್ಲಿ ಆರಡಿಯ ಮೂರು ತುಂಡು, ಇನ್ನೊಂದರಲ್ಲಿ 32 ಇಂಚಿನ ನಾಲ್ಕು ಕಾಲು ಮತ್ತು ಐದು ಅಡ್ಡತುಂಡು. ಒಟ್ಟು ತೂಕ ಸುಮಾರು 29 ಕೆ.ಜಿ. ಬರುತ್ತದೆ. ಪೈಪು ಮಾರುವುದೇ ಕೆ.ಜಿ. ಲೆಕ್ಕದಲ್ಲಾದ್ದರಿಂದ ಖರ್ಚನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಬಹುದು. ತುಂಡುಗಳ ಚಿತ್ರ ಬರೆದುಕೊಂಡು ಹೋದರೆ ಗೇಟು, ಗ್ರಿಲ್ಲು ಮಾಡುವ ಬೀದಿಯ ವೆಲ್ಡಿಂಗ್ ಅಂಗಡಿಯವರು ಬೇಗ ಮಾಡಿಕೊಡುತ್ತಾರೆ. ಚಿತ್ರವಿಲ್ಲದೆ ಬಾಯಲ್ಲಿ ಹೇಳಿದರೆ ಅವರಿಗೆ ತೋಚಿದ ಅಳತೆ ಬರುತ್ತದೆ. ಮೂಲೆಮಟ್ಟ ಹಿಡಿದು ನೋಡಿದ ಮೇಲೇ ಪೂರ್ತಿ ವೆಲ್ಡ್ ಮಾಡಿ ಎಂದು ಮೊದಲೇ ಹೇಳಿಬಿಡಿ.

ವೈಸ್ ಮಾತ್ರ ಒಳ್ಳೆಯದೇ ಇರಲಿ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರಿನಲ್ಲಿ, ಜಾಲಿ ಮೊಹಲ್ಲಾದಂಥ ಗುಜರಿ ಬೀದಿಗಳಲ್ಲಿ, ಮುಚ್ಚಿದ ವರ್ಕ್‌ಶಾಪುಗಳ ಹಳೆ ವೈಸ್‌ಗಳು ಬರುತ್ತವೆ. ತುಕ್ಕು ಹಿಡಿದಿದ್ದರೆ ಯೋಚನೆಯಿಲ್ಲ, ಸೀಮೆಎಣ್ಣೆ ಮತ್ತು ವೈರ್ ಬ್ರಷ್ಷಿಗೆ ಅದು ಬಗ್ಗುತ್ತದೆ. ನೋಡಬೇಕಾದದ್ದು ಸ್ಕ್ರೂವಿನ ಮರೆ ಸವೆದಿದೆಯೇ, ದವಡೆಗಳು ಸಮವಾಗಿ ಕೂಡುತ್ತವೆಯೇ, ಬೀಡುಕಬ್ಬಿಣದ ಮೈಯಲ್ಲಿ ಎಲ್ಲಾದರೂ ವೆಲ್ಡಿಂಗ್ ಗೆರೆ ಇದೆಯೇ ಎಂಬುದನ್ನು. ವೆಲ್ಡ್ ಮಾಡಿದ ಬೀಡು ಮತ್ತೆ ಅಲ್ಲೇ ಬಿಡುತ್ತದೆ, ಅಂಥದ್ದು ಬಿಟ್ಟಿ ಕೊಟ್ಟರೂ ಬೇಡ. ವೈಸನ್ನು ಬೆಂಚಿನ ಕಾಲಿನ ನೇರ ಮೇಲೆ ಕೂರಿಸಿ. ಹೊಡೆತ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ, ಹಲಗೆ ಅದುರುವುದಿಲ್ಲ. ಅರ ಉಜ್ಜುವಾಗ ಮೊಣಕೈ ಮತ್ತು ವೈಸಿನ ದವಡೆ ಒಂದೇ ಮಟ್ಟದಲ್ಲಿರಬೇಕೆಂಬುದು ಫಿಟ್ಟರುಗಳ ಹಳೆಯ ಲೆಕ್ಕ.

ಇನ್ನು ಶೆಲ್ಫು. ಶೆಲ್ಫಿನ ದೊಡ್ಡ ರೋಗ ನಡು ಬಾಗುವುದು. ಹಲಗೆಯ ಎರಡು ಆಧಾರಗಳ ನಡುವಿನ ಅಂತರವನ್ನು ಇಮ್ಮಡಿ ಮಾಡಿದರೆ, ಅಷ್ಟೇ ಸಾಮಾನಿಗೆ ಅದು ಎಂಟು ಪಟ್ಟು ಬಾಗುತ್ತದೆ. ಮೂರಡಿಗೊಂದು ಆಧಾರ ಕೊಟ್ಟ ಹಲಗೆಯೂ ಆರಡಿಗೆ ಚಾಚಿದ ಹಲಗೆಯೂ ಬೇರೆಬೇರೆ ಎಂದೇ ತಿಳಿಯಬೇಕು. ಪರಿಹಾರ ದಪ್ಪ ಹಲಗೆ ಕೊಳ್ಳುವುದರಲ್ಲಿಲ್ಲ. ಒಂದು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಶೆಲ್ಫು ತೆಗೆದುಕೊಳ್ಳಿ. ಅದೇ ಪ್ಲೈವುಡ್ಡಿನಿಂದ 60 ಮಿ.ಮೀ. ಅಗಲದ ಪಟ್ಟಿ ಕೊಯ್ದು, ಅಂಚಿನ ಮೇಲೆ ನಿಲ್ಲಿಸಿ ಶೆಲ್ಫಿನ ಮುಂದಿನ ಅಂಚಿನ ಕೆಳಗೆ ಅಂಟಿಸಿ. ಆ ಒಂದು ಪಟ್ಟಿ ಬಾಗದೆ ನಿಲ್ಲುವ ಶಕ್ತಿಯಲ್ಲಿ ಇಡೀ ಹಲಗೆಯ ಎರಡು ಪಟ್ಟಿಗೂ ಮೀರಿದ್ದು. ಮರದ ಬಲ ಇರುವುದು ನಿಂತ ಎತ್ತರದಲ್ಲಿ. ಚಾವಣಿಯ ಜಂತಿಗಳನ್ನು ಹಿರಿಯರು ಅಡ್ಡ ಮಲಗಿಸದೆ ನಿಲ್ಲಿಸಿ ಕೂರಿಸಿದ್ದು ಇದೇ ಕಾರಣಕ್ಕೆ.

ಅಂಗಡಿಗಳಲ್ಲಿ ಕಾಣುವ ತೂತುತೂತಿನ ಕಬ್ಬಿಣದ ಸ್ಲಾಟೆಡ್ ಆ್ಯಂಗಲ್ ರ್ಯಾಕ್ ಶೆಡ್ಡಿಗೆ ಹೇಳಿ ಮಾಡಿಸಿದ್ದು. ಅದರ ಹಿಂದೊಂದು ಒಳ್ಳೆಯ ಕಥೆಯಿದೆ. ಸಿಡ್ನಿಯಲ್ಲಿ ಗ್ರೀಕ್ ಕುಟುಂಬದಲ್ಲಿ ಹುಟ್ಟಿದ ಡಿಮೀಟ್ರಿಯಸ್ ಕೊಮಿನೋ ಎಂಬವರು ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದರು. ಕೆಲಸ ಬದಲಾದಂತೆಲ್ಲ ಮರದ ಬೆಂಚು, ಶೆಲ್ಫುಗಳನ್ನು ಒಡೆದು ಮತ್ತೆ ಕಟ್ಟಿಸಬೇಕಾಗುತ್ತಿತ್ತು. ಮರವೂ ಹಾಳು, ದುಡ್ಡೂ ಹಾಳು. ಬೋಲ್ಟು ಬಿಚ್ಚಿ ಬೇಕಾದಂತೆ ಮತ್ತೆ ಜೋಡಿಸಬಹುದಾದ ತೂತಿನ ಆ್ಯಂಗಲನ್ನು ಅವರು ರೂಪಿಸಿ 1947ರಲ್ಲಿ ಡೆಕ್ಸಿಯನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಇವತ್ತು ನಮ್ಮ ಕಿರಾಣಿ ಅಂಗಡಿ, ಔಷಧಿ ಗೋದಾಮುಗಳಲ್ಲೆಲ್ಲ ಇರುವುದು ಅದೇ ಯೋಚನೆಯ ಕೂಸು. ಒಂದು ಅಂಗಡಿ ಮುಚ್ಚಿದಾಗ ಅದರ ರ್ಯಾಕುಗಳು ಸೆಕೆಂಡ್ ಹ್ಯಾಂಡ್ ಆಫೀಸ್ ಸಾಮಾನು ಮಾರುವವರ ಬಳಿಗೆ ಬರುತ್ತವೆ. ಕೊಳ್ಳುವಾಗ ಗೇಜ್ ಕೇಳಿ. ಅಂಕಿ ಹೆಚ್ಚಿದಷ್ಟೂ ತಗಡು ತೆಳು ಎಂಬುದು ನೆನಪಿರಲಿ. ಕಾಲಿಗೆ 14 ಗೇಜ್ ಎಂದರೆ ಸುಮಾರು 2 ಮಿ.ಮೀ., ಹಲಗೆಗೆ 20 ಗೇಜ್ ಎಂದರೆ ಸುಮಾರು 1 ಮಿ.ಮೀ. ಇದ್ದರೆ ಮನೆಯ ಭಾರಕ್ಕೆ ಧಾರಾಳವಾಯಿತು. ಮೂಲೆಗಳಿಗೆ ಹಾಕುವ ತ್ರಿಕೋನದ ಪ್ಲೇಟುಗಳನ್ನು ಎಣಿಸಿ ತೆಗೆದುಕೊಳ್ಳಿ. ಹಳೆ ರ್ಯಾಕಿನಲ್ಲಿ ಕಳೆದುಹೋಗಿರುವುದು ಅವೇ, ಅವಿಲ್ಲದಿದ್ದರೆ ರ್ಯಾಕು ವಾಲುತ್ತದೆ. ತುಂಬಿದ ರ್ಯಾಕು ಮುಂದಕ್ಕೆ ಮಗುಚದಂತೆ ತಲೆಯ ಬಳಿ ಗೋಡೆಗೆ ಒಂದು ಬೋಲ್ಟು ಹಾಕಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬೇಡಿ.

ಉತ್ತರ ಕರ್ನಾಟಕದವರಿಗೆ ಶಹಾಬಾದ್ ಕಲ್ಲು, ದಕ್ಷಿಣದವರಿಗೆ ಕಡಪ ಕಲ್ಲು ಇನ್ನೂ ಅಗ್ಗದ ಶೆಲ್ಫು. ಗೆದ್ದಲಿಲ್ಲ, ತುಕ್ಕಿಲ್ಲ, ಎಣ್ಣೆ ಚೆಲ್ಲಿದರೆ ಒರೆಸಿದರಾಯಿತು. ಆದರೆ ಮರ ಬಾಗಿ ಮುನ್ಸೂಚನೆ ಕೊಡುತ್ತದೆ, ಕಲ್ಲು ಕೊಡುವುದಿಲ್ಲ. ನಡುವೆ ಎಳೆತ ಹೆಚ್ಚಾದರೆ ಒಮ್ಮೆಲೇ ಎರಡು ತುಂಡು. 20 ಮಿ.ಮೀ. ಕಲ್ಲಿಗೆ ಚದರ ಅಡಿಗೆ 5 ಕೆ.ಜಿ. ತೂಕ ಅದರದ್ದೇ ಇರುತ್ತದೆ. ಎರಡಡಿಗೊಂದು ಆಧಾರ ಕೊಡಿ, ಬ್ಯಾಟರಿ, ವೈಸಿನಂಥ ಭಾರದ ವಸ್ತುವನ್ನು ಮೇಲಿಂದ ಕುಕ್ಕಬೇಡಿ.

ಹಳೆ ಮನೆಗಳ ನಾಗಂದಿಗೆಯನ್ನೂ ಶೆಡ್ಡಿಗೆ ತರಬಹುದು. ಕಾರಿನ ಬಾನೆಟ್ಟು ತಗ್ಗು, ಅದರ ಮೇಲಿನ ಗಾಳಿಯೆಲ್ಲ ವ್ಯರ್ಥ. ನೆಲದಿಂದ ಆರಡಿ ಎತ್ತರದಲ್ಲಿ, ಗೋಡೆಗೆ ಬ್ರಾಕೆಟ್ ಹೊಡೆದು, ಒಂದೂವರೆ ಅಡಿ ಅಗಲದ ಹಲಗೆ ಉದ್ದಕ್ಕೂ ಹಾಕಿದರೆ ಪೈಪು, ರೀಪು, ಹಬ್ಬಕ್ಕೊಮ್ಮೆ ಇಳಿಸುವ ಸಾಮಾನು ಎಲ್ಲ ಮೇಲೇರುತ್ತವೆ. ಬ್ರಾಕೆಟ್ಟಿನ ಬೋಲ್ಟು ಗಾರೆಯಲ್ಲಿ ನಿಲ್ಲಬಾರದು, ಇಟ್ಟಿಗೆಯ ಅಥವಾ ಸಾಲಿಡ್ ಬ್ಲಾಕಿನ ಮೈಗೆ ಹೋಗಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಗೋಡೆಯನ್ನು ನಂಬದೆ ನೆಲದಿಂದಲೇ ಕಂಬ ಎಬ್ಬಿಸಿ.

ಈ ಹಲಗೆಗಳಿಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಸಾಕು. ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳ ಸುತ್ತ ಯಂತ್ರಗಳು ಬಂದಿಳಿದ ಪೆಟ್ಟಿಗೆ, ಪ್ಯಾಲೆಟ್ಟುಗಳನ್ನು ಬಿಚ್ಚಿ ಮಾರುತ್ತಾರೆ. ಕೊಡಗು, ಚಿಕ್ಕಮಗಳೂರಿನವರಿಗೆ ತೋಟದ ಸಿಲ್ವರ್ ಓಕ್ ಇದೆ. ವಿದೇಶದಿಂದ ಬಂದ ಪ್ಯಾಲೆಟ್ಟಿನ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟು ಹುಳು ಸಾಯಿಸಿದ್ದಾರೆ ಎಂದರ್ಥ, ಧೈರ್ಯವಾಗಿ ತನ್ನಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು; ಅದನ್ನು ಬಿಟ್ಟುಬಿಡಿ. ಪ್ಯಾಲೆಟ್ಟಿನ ಮೊಳೆಗಳು ಸುರುಳಿ ಮೈಯವು, ಕೀಳಲು ಹೋದರೆ ಹಲಗೆ ಸೀಳುತ್ತದೆ. ಹಲಗೆಗಳ ಸಂದಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ಯುವುದು ಮೇಲು.

ಸಣ್ಣಪುಟ್ಟ ಸಾಮಾನಿಗೆ ಡ್ರಾಯರು ಮಾಡಿಸಲು ಹೊರಟರೆ ಬೆಂಚಿಗಿಂತ ಹೆಚ್ಚು ಖರ್ಚಾಗುತ್ತದೆ. ಬೇಕರಿ, ಹೋಟೆಲುಗಳಲ್ಲಿ 15 ಕೆ.ಜಿ. ಎಣ್ಣೆಯ ಖಾಲಿ ತಗಡಿನ ಡಬ್ಬ ಸಿಗುತ್ತದೆ. ಅದನ್ನು ಮಲಗಿಸಿ ಮೇಲ್ಮೈಯ ತಗಡನ್ನು ಕತ್ತರಿಸಿ, ಅಂಚುಗಳನ್ನು ಒಳಕ್ಕೆ ಮಡಚಿ ಬಡಿದರೆ ರ್ಯಾಕಿನೊಳಗೆ ಜಾರುವ ಡ್ರಾಯರು ಆಯಿತು. ನಮ್ಮ ಹಾರ್ಡ್‌ವೇರ್ ಅಂಗಡಿಗಳು ಮೊಳೆ, ಬೋಲ್ಟುಗಳನ್ನು ಎಷ್ಟೋ ವರ್ಷಗಳಿಂದ ಹೀಗೇ ಇಡುತ್ತ ಬಂದಿವೆ. ಒಳಗಿರುವ ವಸ್ತುವೊಂದನ್ನೇ ಮುಂಭಾಗಕ್ಕೆ ತಂತಿಯಲ್ಲಿ ಕಟ್ಟಿದರೆ ಚೀಟಿಯೂ ಬೇಡ.

ನಮ್ಮ ಹವೆಗೆ ಬೇಕಾದ ಎಚ್ಚರಿಕೆ ಎರಡು. ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡೇ ಏರುತ್ತದೆ, ಆದ್ದರಿಂದ ಸುರಂಗ ಕಣ್ಣಿಗೆ ಬೀಳುವಂತಿರಬೇಕು. ಮರದ ಕಾಲುಗಳ ಕೆಳಗೆ ಗ್ರಾನೈಟಿನ ತುಂಡು ಇಡಿ, ಬೆಂಚನ್ನು ಗೋಡೆಯಿಂದ ಒಂದಿಂಚು ದೂರ ನಿಲ್ಲಿಸಿ, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಹಿಂದೆ ನೋಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಬ್ಬಿಣದ ಉಪಕರಣಗಳನ್ನು ತೆರೆದ ಶೆಲ್ಫಿನಲ್ಲಿ ಬಿಡದೆ, ಮಷಿನ್ ಎಣ್ಣೆ ಸವರಿ ಮುಚ್ಚಳವಿರುವ ಡಬ್ಬದಲ್ಲಿಡಬೇಕು.

ಬೆಂಕಿ ಮತ್ತು ಕರೆಂಟಿನ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮಟ್ಟದಲ್ಲಿ ಹರಡುತ್ತದೆ. ಕಾರು, ಬೈಕು ಒಳಗಿರುವಾಗ ಗ್ರೈಂಡರಿನ ಕಿಡಿ ಹಾರಿಸಬೇಡಿ. ಆ ಕೆಲಸ ಗೇಟಿನ ಬಳಿ, ಬಯಲಿನಲ್ಲಿ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ. ಬೆಂಚಿನ ಪ್ಲಗ್ಗುಗಳಿಗೆ ಬೇರೆಯೇ ಎಂಸಿಬಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, 16 ಆಂಪಿಯರಿನ ಸಾಕೆಟ್ಟು, ಇವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ದೀಪ ನಿಮ್ಮ ಬೆನ್ನ ಹಿಂದೆ ಇದ್ದರೆ ಕೆಲಸದ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಬೆಂಚಿನ ಮುಂದಿನ ಅಂಚಿನ ನೇರಕ್ಕೆ, ತಲೆಯ ಮೇಲೆ, ಎರಡು ಎಲ್‌ಇಡಿ ಟ್ಯೂಬು ಹಾಕಿಸಿ.

ಎಲ್ಲವನ್ನೂ ಒಂದೇ ಸಲ ಮಾಡಿ ಮುಗಿಸುವ ಆತುರ ಬೇಡ. ಮೊದಲು ಬೆಂಚು, ಅದರ ಮೇಲೆ ವೈಸು. ಆಮೇಲಿನ ಶೆಲ್ಫು, ನಾಗಂದಿಗೆಗಳನ್ನು ಆ ಬೆಂಚಿನ ಮೇಲೇ ನೀವೇ ಮಾಡಿಕೊಳ್ಳುತ್ತೀರಿ. ಯಾವ ವಸ್ತು ಎಷ್ಟೆತ್ತರದಲ್ಲಿ ಕೈಗೆ ಸಿಗಬೇಕೆಂಬುದು ಅಷ್ಟು ಹೊತ್ತಿಗೆ ತಿಳಿದಿರುತ್ತದೆ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗುವಿದ್ದರೆ ಯಾರ್ಡಿಗೆ ಹೋಗುವಾಗ ಕರೆದುಕೊಂಡು ಹೋಗಿ, ಬಾಗಿಲವಾಡವನ್ನು ತಟ್ಟಿ ನೋಡುವ ಕೆಲಸವನ್ನು ಮಗುವಿಗೇ ಒಪ್ಪಿಸಿ. ಈ ವಾರವೇ ಶೆಡ್ಡಿನ ಮುಂದಿನ ಗೋಡೆಯಿಂದ ಸಾಮಾನು ಸರಿಸಿ, ಟೇಪು ಹಿಡಿದು ಅಳತೆ ತೆಗೆಯಿರಿ.